ಮೂವತ್ತಾರು ಕಾರು, ಎರಡು ಡಾಲರ್ ಬುಕ್ ವ್ಯಾಲ್ಯೂ

ಭಾಗ 1

ಸವಕಳಿ ಚಾಪ್ಟರ್ ನೆನಪಿದೆ ತಾನೆ? ಮೆಷಿನ್ ಅಂಗಡಿಯಿಂದ ಮನೆಗೆ ಬಂದ ದಿನದಿಂದಲೇ ಅದರ ಬೆಲೆ ಕರಗೋಕೆ ಶುರು ಅನ್ನೋದು ಆ ಚಾಪ್ಟರಿನ ಒಟ್ಟು ಸಾರ. ಕಾರಿಗೂ ಅದೇ ರೂಲ್. ನಮ್ಮ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಬಿಸಿನೆಸ್‌ಗೆ ಬಳಸೋ ಮಾಮೂಲಿ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ, ಅದೂ ಪ್ರತಿ ವರ್ಷ ಉಳಿದ ಮೊತ್ತದ ಮೇಲೆ.

ಈಗ ಮೊದಲನೇ ಫೋಟೋ ನೋಡಿ. ಉದ್ದ ಮೂತಿ, ಗುಂಡು ಬೆನ್ನು, ಮೂಗಿನ ತುದಿಯಲ್ಲಿ ಅರ್ಧಚಂದ್ರದ ಹಾಗೆ ಮೂರು ತೂತು. ಅದು ಫೆರಾರಿ 250 ಜಿಟಿಒ, 1962ರ ಮಾಡೆಲ್. ಅಮೆರಿಕದಲ್ಲಿ ಹೊಸದರ ಬೆಲೆ ಸುಮಾರು 18,000 ಡಾಲರ್. ಸುಮ್ನೆ ತಮಾಷೆಗೆ ನಮ್ಮ 15 ಪರ್ಸೆಂಟ್ ಲೆಕ್ಕ ಇದಕ್ಕೂ ಹಾಕಿ. 56 ವರ್ಷ ಕಳೆದು 2018ಕ್ಕೆ ಬರೋ ಹೊತ್ತಿಗೆ ಪುಸ್ತಕದಲ್ಲಿ ಉಳಿಯೋ ಬೆಲೆ ಎರಡು ಡಾಲರ್. ಆ ವರ್ಷದ ರೇಟಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ.

2018ರ ಆಗಸ್ಟಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಆರ್‌ಎಂ ಸದಬೀಸ್ ಕಂಪನಿ ಒಂದು 250 ಜಿಟಿಒ ಹರಾಜು ಹಾಕ್ತು. ಹೋದ ಬೆಲೆ 4 ಕೋಟಿ 84 ಲಕ್ಷ ಡಾಲರ್.

18,000ದಿಂದ 4.84 ಕೋಟಿಗೆ 56 ವರ್ಷ. ಚಕ್ರಬಡ್ಡಿ ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ ಹೆಚ್ಚುಕಡಿಮೆ 15 ಪರ್ಸೆಂಟ್. ಅದೇ 15! ಪುಸ್ತಕದಲ್ಲಿ ಮೈನಸ್, ಮಾರ್ಕೆಟ್ಟಲ್ಲಿ ಪ್ಲಸ್. ಕ್ಯಾಲ್ಕುಲೇಟರ್ ಕೆಟ್ಟಿದೆಯಾ ಅಂತ ಇನ್ನೊಂದ್ಸಲ ಒತ್ತಿದೆ, ಇಲ್ಲ, ಸರಿಯಾಗೇ ಇದೆ.

ಈ ಸರಣಿ ಬರೆಯೋಕೆ ಕಾರಣ ಹೇಳಿಬಿಡ್ತೀನಿ. ಒಬ್ಬ ಜೂನಿಯರ್ ಡಿಎಂ ಮಾಡಿದ್ದ: "ಅಣ್ಣ, ಲಿಮಿಟೆಡ್ ಎಡಿಷನ್ ಬೈಕ್ ಇಎಂಐ ಮೇಲೆ ತಗೋತೀನಿ, ಓಡಿಸಲ್ಲ, ಎರಡು ವರ್ಷ ಬಿಟ್ಟು ಮಾರ್ತೀನಿ. ರೇರ್ ಅಲ್ವಾ, ರೇಟ್ ಏರೇ ಏರತ್ತೆ." ಅವನಿಗೆ ಒಂದು ಸಾಲಲ್ಲಿ ಉತ್ತರ ಕೊಡೋಕಾಗಲಿಲ್ಲ. ಅದಕ್ಕೇ ಇಷ್ಟುದ್ದ. ಓದೋರು ಓದಿ, ಉಳಿದೋರು ಫೋಟೋ ನೋಡಿ.

ಭಾಗ 2

ಮೊದಲು ಆ 250 ಜಿಟಿಒ ಯಾಕೆ ಅಷ್ಟು ಕಮ್ಮಿ ಅನ್ನೋ ಕಥೆ.

1962ಕ್ಕೆ ಜಿಟಿ ರೇಸಿಂಗ್ ಒಂದು ವಿಶ್ವ ಚಾಂಪಿಯನ್‌ಶಿಪ್ ಆಗೋದಿತ್ತು. ರೂಲ್ಸ್ ಮಾಡೋ ಎಫ್‌ಐಎ ಸಂಸ್ಥೆ ಒಂದು ಷರತ್ತು ಹಾಕಿತ್ತು. ರೇಸಿಗೆ ಇಳಿಸೋ ಮಾಡೆಲ್ ಬರೀ ರೇಸಿಗೇ ಮಾಡಿದ್ದಾಗಬಾರದು, ಹನ್ನೆರಡು ತಿಂಗಳಲ್ಲಿ 100 ಕಾರು ಮಾಡಿರಬೇಕು. ಇದಕ್ಕೆ ಹೋಮೋಲೊಗೇಷನ್ ಅಂತಾರೆ. ಜಿಟಿಒ ಹೆಸರಲ್ಲಿರೋ ಕೊನೇ 'ಒ' ಇದರದ್ದೇ. ಎನ್ಜೊ ಫೆರಾರಿ ಏನು ಮಾಡಿದರು ಗೊತ್ತಾ? ಇದು ಹೊಸ ಕಾರೇ ಅಲ್ಲ, ನಮ್ಮ ಹಳೇ 250 ಜಿಟಿಯ ಸುಧಾರಿಸಿದ ರೂಪ ಅಷ್ಟೇ ಅಂತ ಪೇಪರ್ ಕೊಟ್ಟರು. ಎಫ್‌ಐಎ ಒಪ್ಪಿತು. ಮೂರು ವರ್ಷದಲ್ಲಿ ಆದದ್ದು ನೂರಲ್ಲ, ಮೂರು ಲೀಟರ್ ಎಂಜಿನ್ ಇದ್ದವು 36 ಮಾತ್ರ. ದೊಡ್ಡ ನಾಲ್ಕು ಲೀಟರ್ ಎಂಜಿನ್ ಹಾಕಿದ ಮೂರನ್ನ ಸೇರಿಸಿಕೊಂಡ್ರೆ 39. ಆಮೇಲೆ 250 ಎಲ್‌ಎಂ ಅನ್ನೋ ಕಾರಿಗೂ ಇದೇ ಆಟ ಆಡೋಕೆ ಹೋದರು, ಆಗ ಎಫ್‌ಐಎ ಒಪ್ಪಲಿಲ್ಲ. ಪ್ರತಿ ಸಲ ಮಗ್ಗಿ ಮರೆಯೋ ಮೇಷ್ಟ್ರು ಸಿಗಲ್ಲ.

ಅಂದ್ರೆ ಈ ಕಾರು ರೇರ್ ಆಗಿದ್ದು ಯಾರೋ ಮಾರ್ಕೆಟಿಂಗ್ ಮೀಟಿಂಗಲ್ಲಿ ಕೂತು ನಂಬರ್ ಬರೆದಿದ್ದರಿಂದ ಅಲ್ಲ. ರೇಸ್ ಗೆಲ್ಲೋಕೆ ಎಷ್ಟು ಬೇಕೋ ಅಷ್ಟು ಮಾಡಿದರು, ರೂಲ್ಸ್ ತಪ್ಪಿಸಿಕೊಂಡರು, ಮುಗೀತು.

ಡಿಸೈನ್ ಶುರು ಮಾಡಿದ್ದು ಎಂಜಿನಿಯರ್ ಜೊತ್ತೊ ಬಿಜ್ಜರಿನಿ. 1961ರ ಕೊನೆಯಲ್ಲಿ ಕಂಪನಿಯೊಳಗೆ ದೊಡ್ಡ ಜಗಳ ಆಗಿ ಅವರೂ ಇನ್ನೂ ಹಲವು ಹಿರಿಯರೂ ಹೊರಗೆ ಬಂದರು. ಅರ್ಧ ಆದ ಕೆಲಸ ಬಿದ್ದದ್ದು ಮೌರೊ ಫೋರ್ಗಿಯೇರಿ ಅನ್ನೋ ಹುಡುಗನ ಹೆಗಲಿಗೆ. ಆಗ ಅವರಿಗೆ 26 ವರ್ಷ. ನಮಗಿಂತ ಆರೇ ವರ್ಷ ದೊಡ್ಡವರು! ಬಾಡಿ ಮಾಡಿದ್ದು ಮೊದೆನಾದ ಸ್ಕಾಲ್ಯೆಟ್ಟಿ ವರ್ಕ್‌ಶಾಪು. ಅಲ್ಯೂಮಿನಿಯಂ ತಗಡನ್ನ ಕೈಯಲ್ಲೇ ಬಡಿದು ಬಗ್ಗಿಸಿದ್ದು, ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. 1962, 63, 64 ಮೂರೂ ವರ್ಷ ಎರಡು ಲೀಟರ್ ಮೇಲಿನ ಜಿಟಿ ಪಟ್ಟ ಫೆರಾರಿಗೇ.

ಕೊಳ್ಳೋಕೂ ದುಡ್ಡಿದ್ದರೆ ಸಾಲದು. ಅಮೆರಿಕದಲ್ಲಾದ್ರೆ ಡೀಲರ್ ಲುಯಿಜಿ ಕಿನೆಟ್ಟಿ, ಮೇಲೆ ಎನ್ಜೊ ಫೆರಾರಿ, ಇಬ್ಬರೂ ಹೂಂ ಅನ್ನಬೇಕಿತ್ತು. ಹೆಣ್ಣು ಕೇಳೋಕೆ ಹೋದ ಹಾಗೆ.

ಭಾಗ 3

ಇಷ್ಟೆಲ್ಲಾ ಆದ ಮೇಲೆ ಬೆಲೆ ಏರಿರಬೇಕಲ್ವಾ? ಇಲ್ಲ. ಇಲ್ಲಿಂದಲೇ ನನಗೆ ಈ ಕಥೆ ಹಿಡಿಸಿದ್ದು.

ರೇಸ್ ಕಾರು ಅಂದ್ರೆ ಹೋದ ವರ್ಷದ ಗೈಡ್ ಇದ್ದ ಹಾಗೆ. ಸಿಲೆಬಸ್ ಬದಲಾದ ದಿನ ಅದಕ್ಕೆ ಬೆಲೆ ಇಲ್ಲ. 1965ರ ಹೊತ್ತಿಗೆ ಎಂಜಿನ್ ಸೀಟಿನ ಹಿಂದೆ ಇರೋ ಕಾರುಗಳು ಬಂದವು, ಮುಂದೆ ಎಂಜಿನ್ ಇರೋ ಜಿಟಿಒ ಹಳೇದಾಯ್ತು. ರೋಡಲ್ಲಿ ಓಡಿಸೋಣ ಅಂದ್ರೆ ವಿಪರೀತ ಶಬ್ದ, ಬಿಸಿ, ಕಂಫರ್ಟ್ ಅನ್ನೋದು ಸೊನ್ನೆ. ಹತ್ತು ಸಾವಿರ ಡಾಲರಿಗಿಂತ ಕಮ್ಮಿಗೆ ಕೈ ಬದಲಾದವು.

ಅದರಲ್ಲಿ ಒಂದು ಕಾರಿನ ಜಾತಕ ಕೇಳಿ. ಷಾಸಿ ನಂಬರ್ 3589. ಇಂಗ್ಲೆಂಡಲ್ಲಿ ರೇಸ್ ಮಾಡಿ, ಟೆಕ್ಸಾಸ್‌ಗೆ ಹೋಯ್ತು. ಅಲ್ಲಿನ ಮಾಲೀಕರು ಸಾಕಾದ ಮೇಲೆ ಅದನ್ನ ವಿಕ್ಟೋರಿಯಾ ಅನ್ನೋ ಊರಿನ ಹೈಸ್ಕೂಲಿಗೆ ದಾನ ಕೊಟ್ಟುಬಿಟ್ಟರು. ಹೈಸ್ಕೂಲಿಗೆ! ಅಲ್ಲಿನ ಆಟೋ ಶಾಪ್ ಕ್ಲಾಸಲ್ಲಿ ಮಕ್ಕಳು ನಟ್ಟು ಬೋಲ್ಟು ಬಿಚ್ಚೋದು ಕಲಿಯೋಕೆ. 1972ರಲ್ಲಿ ಸ್ಕೂಲಿನೋರು 6,500 ಡಾಲರಿಗೆ ಮಾರಿದರು. ಕೊಂಡವರು ಒಹಾಯೋದಲ್ಲಿ ಒಂದು ಬಯಲಲ್ಲಿ ಟ್ರೇಲರ್ ಮೇಲೆ ನಿಲ್ಲಿಸಿದರು. ಮಳೆ, ಹಿಮ, ಬಿಸಿಲು ತಿಂದುಕೊಂಡು ಎಂಬತ್ತರ ದಶಕದ ಮಧ್ಯದವರೆಗೂ ಅದು ಅಲ್ಲೇ ಇತ್ತು.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. 18,000ಕ್ಕೆ 15 ಪರ್ಸೆಂಟ್ ಸವಕಳಿ ಹತ್ತು ವರ್ಷ ಹಾಕಿದ್ರೆ 1972ಕ್ಕೆ ಸುಮಾರು 3,500 ಡಾಲರ್. ನಿಜವಾದ ರೇಟು 6,500. ಅಂದ್ರೆ ಮೊದಲ ಹತ್ತು ವರ್ಷ ಪುಸ್ತಕ ದಿಕ್ಕು ತಪ್ಪಿರಲಿಲ್ಲ. ಜಗತ್ತಿನ ಅತಿ ದುಬಾರಿ ಕಾರುಗಳಲ್ಲಿ ಒಂದಾಗಲಿರೋ ಈ ಕಾರು ಮಾಮೂಲಿ ಕಾರಿನ ಹಾಗೇ ಮೂರನೇ ಎರಡು ಭಾಗ ಬೆಲೆ ಕಳಕೊಂಡಿತ್ತು. ಆಗಲೂ ಇದ್ದದ್ದು ಅದೇ 36. ನಂಬರ್ ಬದಲಾಗಿರಲಿಲ್ಲ. ರೇರ್ ಅನ್ನೋದೇ ಬೆಲೆ ತರೋದಾದ್ರೆ 1972ರಲ್ಲೂ ತರಬೇಕಿತ್ತು ತಾನೆ?

1977ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡ್ರಮ್ಮರ್ ನಿಕ್ ಮೇಸನ್ 40,000 ಪೌಂಡಿಗಿಂತ ಕಮ್ಮಿಗೆ ಒಂದು ಜಿಟಿಒ ತಗೊಂಡರು. ಗ್ಯಾರೇಜಲ್ಲಿ ಮುಚ್ಚಿಡಲಿಲ್ಲ, ಎಷ್ಟೋ ವರ್ಷ ರೇಸಿಗೂ ಇಳಿಸಿದರು. ಕಾರು ಹುಚ್ಚಿಗೆ ತಗೊಂಡ ಕಾರು. ಎಪ್ಪತ್ತರ ದಶಕದಲ್ಲಿ ಜಿಟಿಒ ಕೊಂಡವರಲ್ಲಿ ಹೆಚ್ಚಿನವರು ಇಂಥವರೇ. ಮಾರ್ತೀನಿ ಅಂತ ತಗೊಂಡವರ ಕಾಲ ಇನ್ನೂ ಬಂದಿರಲಿಲ್ಲ.

ಭಾಗ 4

ಅದು ಬಂದದ್ದು ಎಂಬತ್ತರ ದಶಕದ ಕೊನೆಗೆ.

1985ರ ಪ್ಲಾಝಾ ಒಪ್ಪಂದ ಆದ ಮೇಲೆ ಜಪಾನಿನ ಯೆನ್ ಬಲವಾಯ್ತು. ರಫ್ತಿಗೆ ಪೆಟ್ಟು ಬೀಳಬಾರದು ಅಂತ ಅಲ್ಲಿನ ಸೆಂಟ್ರಲ್ ಬ್ಯಾಂಕು ಬಡ್ಡಿ ಇಳಿಸುತ್ತಾ ಹೋಯ್ತು. 1987ರ ಫೆಬ್ರವರಿಗೆ 2.5 ಪರ್ಸೆಂಟ್. ಸಾಲ ಅಗ್ಗ, ಜಮೀನಿನ ಬೆಲೆ ಮುಗಿಲಿಗೆ, ಷೇರು ಅದರ ಮೇಲೆ. ಕೈಯಲ್ಲಿ ದುಡ್ಡು ತುಂಬಿದ ಜನ ವ್ಯಾನ್ ಗಾಗ್ ಚಿತ್ರ ಕೊಂಡರು, ಗಾಲ್ಫ್ ಮೈದಾನ ಕೊಂಡರು, ಹಳೇ ಫೆರಾರಿನೂ ಕೊಂಡರು. ಇತ್ತ 1987ರ ಅಕ್ಟೋಬರ್ 19ರ ಷೇರು ಕುಸಿತದಲ್ಲಿ ಪೆಟ್ಟು ತಿಂದ ಅಮೆರಿಕ, ಯುರೋಪಿನ ಕೆಲವರು ಮುಟ್ಟಿ ನೋಡಬಹುದಾದ ಆಸ್ತಿ ಬೇಕು ಅಂತ ಕಾರಿನ ಕಡೆ ತಿರುಗಿದರು. 1988ರ ಆಗಸ್ಟ್ 14ಕ್ಕೆ ಎನ್ಜೊ ಫೆರಾರಿ ತೀರಿಕೊಂಡರು. ಇನ್ನು ಮುಂದೆ ಅವರ ಕೈಯಿಂದ ಕಾರು ಬರಲ್ಲ ಅನ್ನೋ ಮಾತೊಂದೇ ಸಾಕಾಯ್ತು.

ಆ ಹೊತ್ತಿಗೆ ಸರಿಯಾಗಿ ಮಾರುಕಟ್ಟೆಯಲ್ಲಿತ್ತು ಎಫ್40, ಎರಡನೇ ಫೋಟೋ. 1987ರ ಜುಲೈ 21ಕ್ಕೆ ಮರನೆಲ್ಲೊದಲ್ಲಿ ಪರದೆ ಸರಿಸಿದ್ದು. ಎನ್ಜೊ ಬದುಕಿದ್ದಾಗ ಬಂದ ಕೊನೇ ಹೊಸ ಫೆರಾರಿ. 478 ಹಾರ್ಸ್‌ಪವರ್, ಗಂಟೆಗೆ 324 ಕಿ.ಮೀ. ಒಳಗೆ ರೇಡಿಯೋ ಇಲ್ಲ, ಕಾರ್ಪೆಟ್ ಇಲ್ಲ, ಬಾಗಿಲು ತೆಗೆಯೋಕೆ ಒಂದು ತಂತಿ ಎಳೀಬೇಕು. ಮೊದಲು ಸುಮಾರು 400 ಮಾಡ್ತೀವಿ ಅಂದಿದ್ರು. ಬ್ರಿಟನ್‌ನಲ್ಲಿ ಲಿಸ್ಟ್ ಬೆಲೆ ಎರಡು ಲಕ್ಷ ಪೌಂಡಿಗೆ ಹತ್ತಿರ. ಕ್ಯೂನಲ್ಲಿ ನಿಂತವರು ಡೆಲಿವರಿ ತಗೊಂಡ ವಾರವೇ ಎರಡು ಮೂರು ಪಟ್ಟಿಗೆ ಮಾರೋಕೆ ಶುರು ಮಾಡಿದರು. ಎಫ್1 ಡ್ರೈವರ್ ನೈಜೆಲ್ ಮ್ಯಾನ್ಸೆಲ್ ತಮ್ಮದನ್ನ ಹತ್ತು ಲಕ್ಷ ಪೌಂಡಿಗೆ ಮಾರಿದರು ಅಂತ ಆಗ ಸುದ್ದಿಯಾಗಿತ್ತು. ಗಾಳಿ ಬಂದಾಗ ತೂರಿಕೊಂಡರು.

ಕಾರು ಕೂಡ ಅಲ್ಲ, ಕ್ಯೂನಲ್ಲಿರೋ ಜಾಗವೇ ಮಾರಾಟ ಆಗ್ತಿತ್ತು. ಐಪಿಒ ಲಿಸ್ಟಿಂಗ್ ಗೇನ್‌ಗೆ ಅಂತಲೇ ಅಪ್ಲೈ ಮಾಡೋ ನಮ್ಮ ಕ್ಲಾಸಿನೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕಂಪನಿ ಏನು ಮಾಡತ್ತೆ ಅಂತ ಗೊತ್ತಿರಲ್ಲ, ಗ್ರೇ ಮಾರ್ಕೆಟ್ ರೇಟು ಮಾತ್ರ ಬಾಯಿಪಾಠ.

ಆಮೇಲೆ? 1989ರಲ್ಲಿ ಜಪಾನಿನ ಬ್ಯಾಂಕು ಬಡ್ಡಿ ಏರಿಸೋಕೆ ಶುರು ಮಾಡ್ತು. ಅದೇ ವರ್ಷ ಡಿಸೆಂಬರ್ 29ಕ್ಕೆ ನಿಕ್ಕೆಯ್ ಸೂಚ್ಯಂಕ 38,915ಕ್ಕೆ ಮುಟ್ಟಿ ಅಲ್ಲಿಂದ ಜಾರಿತು. ಬ್ರಿಟನ್‌ನಲ್ಲಿ ಬಡ್ಡಿ 15 ಪರ್ಸೆಂಟ್. 1990ರ ಆಗಸ್ಟಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಒಂದೇ ವರ್ಷದಲ್ಲಿ ಕೊಳ್ಳೋರೆಲ್ಲಾ ಮಾರೋರಾದರು. ಉತ್ತುಂಗದಲ್ಲಿ ಒಂದು ಕೋಟಿ ಡಾಲರ್ ದಾಟಿದ್ದ ಜಿಟಿಒ ತೊಂಬತ್ತರ ದಶಕದ ಮಧ್ಯಕ್ಕೆ ಮೂವತ್ತು ಲಕ್ಷದ ಆಸುಪಾಸಿಗೆ ಬಂತು. ಎಫ್40 ಲಿಸ್ಟ್ ಬೆಲೆಗಿಂತ ಕೆಳಗಿಳೀತು.

ಮೊದಲ ಭಾಗದಲ್ಲಿ ಹೇಳಿದ ಆ 15 ಪರ್ಸೆಂಟ್ ಇದೆಯಲ್ಲ, ಅದು 1962ರಲ್ಲಿ ಕೊಂಡು 2018ರವರೆಗೆ ಕೂತವನಿಗೆ. ಅಂಥವರು ಸಿಗೋದೇ ಕಷ್ಟ. 1989ರಲ್ಲಿ ಕೊಂಡು 1994ರಲ್ಲಿ ಮಾರಬೇಕಾಗಿ ಬಂದವನಿಗೆ ಅದೇ ಕಾರು ನಮ್ಮ ಟ್ಯಾಕ್ಸ್ ಪುಸ್ತಕಕ್ಕಿಂತ ಜೋರಾಗಿ ಸವೆದಿತ್ತು.

ಭಾಗ 5

ಬೈಕ್ ಹುಡುಗ, ಈ ಭಾಗ ಎರಡು ಸಲ ಓದು.

ಮೂರನೇ ಫೋಟೋ ಜಾಗ್ವಾರ್ ಎಕ್ಸ್‌ಜೆ220. ಈಗ ಜಾಗ್ವಾರ್ ನಮ್ಮ ಟಾಟಾ ಮೋಟಾರ್ಸ್ ಕೈಯಲ್ಲಿದೆ, 2008ರಿಂದ. ಇದು ಅದಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಮಾತು.

ಜಾಗ್ವಾರಿನ ಮುಖ್ಯ ಎಂಜಿನಿಯರ್ ಜಿಮ್ ರ್‍ಯಾಂಡಲ್ ಮತ್ತೆ ಅವರ ಒಂದಿಷ್ಟು ಸಹೋದ್ಯೋಗಿಗಳು ಶನಿವಾರ, ಸಂಜೆ ಹೊತ್ತು ಸಂಬಳ ಇಲ್ಲದೆ ಕೂತು ಒಂದು ಕನಸಿನ ಕಾರು ಮಾಡ್ತಿದ್ರು. 'ಸ್ಯಾಟರ್ಡೇ ಕ್ಲಬ್' ಅಂತಲೇ ಹೆಸರು. ವಿ12 ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ, ಗಂಟೆಗೆ 220 ಮೈಲಿ ಗುರಿ, ಅಂದ್ರೆ 354 ಕಿ.ಮೀ. 1988ರ ಅಕ್ಟೋಬರಲ್ಲಿ ಬರ್ಮಿಂಗ್‌ಹ್ಯಾಮ್ ಮೋಟಾರ್ ಶೋನಲ್ಲಿ ಇಟ್ಟರು. ಜನ ಮುಗಿಬಿದ್ದರು. ಚೆಕ್ ಬುಕ್ ಹಿಡಿದೇ ಬಂದರು.

1989ರ ಕೊನೆಗೆ ಜಾಗ್ವಾರ್ ಘೋಷಣೆ ಮಾಡ್ತು: ಗರಿಷ್ಠ 350 ಕಾರು, ತೆರಿಗೆ ಬಿಟ್ಟು ಬೆಲೆ 2,90,000 ಪೌಂಡ್, ಮುಂಗಡ 50,000 ಪೌಂಡ್. 350ಕ್ಕೆ ಮುಂಗಡ ಹಿಡಿದು ನಿಂತವರು ಸಾವಿರದ ನಾನೂರಕ್ಕೂ ಮೇಲೆ! ಇವರೆಲ್ಲಾ ಓಡಿಸೋಕೆ ಬಂದವರಲ್ಲ. ಕಾರಿನ ಒಂದು ನಟ್ಟೂ ತಯಾರಾಗಿರಲಿಲ್ಲ, ಮುಂಗಡದ ರಸೀದಿ ಆಗಲೇ ಲಾಭಕ್ಕೆ ಕೈ ಬದಲಾಗ್ತಿತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿ, ಆ ಕುಲಾವಿನ ಇನ್ನೊಬ್ಬರಿಗೆ ಮಾರಿದ ಹಾಗೆ.

ಕೂಸು ಹುಟ್ಟಿದಾಗ ಬೇರೇನೇ ಇತ್ತು. ಹೊಗೆ ನಿಯಮ, ತೂಕ ಅಂತ ವಿ12 ಹೋಗಿ 3.5 ಲೀಟರಿನ ಟ್ವಿನ್ ಟರ್ಬೊ ವಿ6 ಬಂತು. ಅದರ ಮೂಲ ಮೆಟ್ರೊ ಅನ್ನೋ ಪುಟ್ಟ ಕಾರಿನ ರ್‍ಯಾಲಿ ಅವತಾರಕ್ಕೆ ಮಾಡಿದ್ದ ಎಂಜಿನ್. ನಾಲ್ಕು ಚಕ್ರದ ಡ್ರೈವ್ ಹೋಗಿ ಬರೀ ಹಿಂಬದಿ ಚಕ್ರ. ನಿಜ ಹೇಳ್ಬೇಕಂದ್ರೆ ಆ ವಿ6 ಏನೂ ಕಳಪೆ ಅಲ್ಲ. 542 ಹಾರ್ಸ್‌ಪವರ್, ಇಟಲಿಯ ನಾರ್ಡೊ ಟ್ರ್ಯಾಕಲ್ಲಿ ಗಂಟೆಗೆ 340 ಕಿ.ಮೀ. ದಾಟಿ ಓಡ್ತು, ಆ ಕಾಲಕ್ಕೆ ರೋಡ್ ಕಾರುಗಳ ದಾಖಲೆ. ಆದ್ರೆ ಕೊಂಡವರ ತಲೆಯಲ್ಲಿ ಕೂತಿದ್ದು ವಿ12. ಗಾಯಕ್ಕೆ ಉಪ್ಪು ಅನ್ನೋ ಹಾಗೆ, ಇದೇ ಪ್ರಾಜೆಕ್ಟಿನ ಪಾಲುದಾರ ಟಾಮ್ ವಾಕಿನ್‌ಶಾ ಅವರ ಕಂಪನಿ ಎಕ್ಸ್‌ಜೆಆರ್-15 ಅಂತ ಇನ್ನೊಂದು ಜಾಗ್ವಾರ್ ತಂತು, ಬರೀ 53 ಕಾರು, ಅದರಲ್ಲಿ ವಿ12!

ಇನ್ನೊಂದು ವಿಷಯ. ಒಪ್ಪಂದದಲ್ಲಿ ಬೆಲೆಯನ್ನ ಹಣದುಬ್ಬರದ ಸೂಚ್ಯಂಕಕ್ಕೆ ಕಟ್ಟಿದ್ದರು. ಬ್ರಿಟನ್‌ನಲ್ಲಿ ಆಗ ಹಣದುಬ್ಬರ ಜೋರು. 1992ಕ್ಕೆ ಡೆಲಿವರಿ ಶುರುವಾಗೋ ಹೊತ್ತಿಗೆ ಬೆಲೆ ನಾಲ್ಕು ಲಕ್ಷ ಪೌಂಡ್ ದಾಟಿತ್ತು. ಮಾರ್ಕೆಟ್ಟಲ್ಲಿ ಕಾರಿನ ರೇಟು ಬಿದ್ದಿದೆ, ಒಪ್ಪಂದದಲ್ಲಿ ಏರಿದೆ. ಆ ಷರತ್ತನ್ನ ಸಹಿ ಹಾಕುವಾಗ ಎಷ್ಟು ಜನ ಓದಿದ್ದರೋ! ಬಿಸಿನೆಸ್ ಲಾ ಪೇಪರಲ್ಲಿ ಐದು ಮಾರ್ಕಿಗೆ ಬರೆಯೋ ವಿಷಯ ಇವರಿಗೆ ಲಕ್ಷಾಂತರ ಪೌಂಡಿಗೆ ಬಂತು.

ಜನ ಕಾರು ಬೇಡ ಅಂದರು. ಮುಂಗಡ ವಾಪಸ್ ಕೊಡಿ ಅಂದರು. ನಾವು ಒಪ್ಪಿದ ಕಾರು ಇದಲ್ಲ ಅಂದರು. ಒಪ್ಪಂದ ಒಪ್ಪಂದವೇ ಅಂತು ಜಾಗ್ವಾರ್. ಕೆಲವರು ಕೋರ್ಟ್ ಮೆಟ್ಟಿಲು ಹತ್ತಿದರು. ಕೆಲವರು ಕಾರು ತಗೊಳ್ಳದೇ ಇರೋಕೆ ಅಂತಲೇ ದುಡ್ಡು ಕಟ್ಟಿ ಕೈ ತೊಳ್ಕೊಂಡರು. ಯೋಚನೆ ಮಾಡಿ, ಬೇಡದ ಕಾರಿನಿಂದ ಬಿಡುಗಡೆಗೆ ದುಡ್ಡು! 1994ಕ್ಕೆ ತಯಾರಿ ನಿಂತಾಗ 280ರ ಆಸುಪಾಸು ಕಾರು ಆಗಿದ್ದವು, ಅಷ್ಟಕ್ಕೂ ಗಿರಾಕಿ ಇರಲಿಲ್ಲ. ಉಳಿದವು 1997ರವರೆಗೂ ಬಿದ್ದಿದ್ದು ತೆರಿಗೆ ಬಿಟ್ಟು 1.3 ಲಕ್ಷ ಪೌಂಡಿನ ಒಳಗೆ ಹೋದವು.

ಈಗ ಎಫ್40 ಪಕ್ಕ ಇಟ್ಟು ನೋಡಿ. 400 ಮಾಡ್ತೀವಿ ಅಂದ ಫೆರಾರಿ ಬೇಡಿಕೆ ಇರೋ ತನಕ ಮಾಡ್ತಾನೇ ಹೋಗಿ 1992ಕ್ಕೆ 1,300 ದಾಟಿಸಿತ್ತು. ಮಾತು ತಪ್ಪಿದ ಹಾಗೇ ಲೆಕ್ಕ. ಜಾಗ್ವಾರ್ ಹೇಳಿದ್ದಕ್ಕಿಂತ ಕಮ್ಮಿ ಮಾಡ್ತು. ಅಂದ್ರೆ ಎಕ್ಸ್‌ಜೆ220 ಎಫ್40ಗಿಂತ ಹೆಚ್ಚುಕಡಿಮೆ ಐದು ಪಟ್ಟು ರೇರ್. ಇವತ್ತು ಹರಾಜಲ್ಲಿ ಚೆನ್ನಾಗಿರೋ ಎಫ್40 ಇಪ್ಪತ್ತು ಲಕ್ಷ ಡಾಲರ್ ದಾಟತ್ತೆ. ಎಕ್ಸ್‌ಜೆ220 ಸಾಮಾನ್ಯವಾಗಿ ಐದು ಲಕ್ಷ ಡಾಲರಿನ ಆಸುಪಾಸು. ಹಣದುಬ್ಬರ ಕಳೆದ್ರೆ ಮೂವತ್ತು ವರ್ಷ ಆದ್ರೂ ಕೊಂಡ ಬೆಲೆ ಮುಟ್ಟಿಲ್ಲ.

ನನಗೆ ಅನಿಸೋದು ಇಷ್ಟು. ಎಫ್40ಗೆ ಬೆಲೆ ಕೊಟ್ಟಿದ್ದು ಎಷ್ಟಿವೆ ಅನ್ನೋದಲ್ಲ, ಎಷ್ಟು ಹುಡುಗರ ಕೋಣೆಯ ಗೋಡೆ ಮೇಲೆ ಅದರ ಪೋಸ್ಟರ್ ಇತ್ತು ಅನ್ನೋದು. ಆ ಹುಡುಗರು ನಲವತ್ತು ದಾಟಿ ದುಡ್ಡು ಮಾಡಿದಾಗ ಮೊದಲು ಹುಡುಕಿದ್ದು ಅದನ್ನ. ಎಕ್ಸ್‌ಜೆ220 ಹೆಸರು ಬಂದಾಗ ಜನಕ್ಕೆ ನೆನಪಾಗಿದ್ದು ಕೋರ್ಟು.

ಭಾಗ 6

ಇದೇ ಕೆಟ್ಟ ಟೈಮಲ್ಲಿ ಹುಟ್ಟಿದ ಇನ್ನೊಂದು ಕಾರು ಮೆಕ್‌ಲಾರೆನ್ ಎಫ್1. 1992ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ತೋರಿಸಿದರು. ಡ್ರೈವರ್ ಮಧ್ಯ, ಆಚೆ ಈಚೆ ಸ್ವಲ್ಪ ಹಿಂದಕ್ಕೆ ಇಬ್ಬರು. ಬಿಎಂಡಬ್ಲ್ಯೂ ಮಾಡಿಕೊಟ್ಟ 6.1 ಲೀಟರ್ ವಿ12. ಬಿಸಿ ತಡೆಯೋಕೆ ಎಂಜಿನ್ ಗೂಡಿಗೆ ಚಿನ್ನದ ತೆಳು ಹಾಳೆ. ಡಿಸೈನರ್ ಗಾರ್ಡನ್ ಮರ್ರೆ ಗ್ರಾಂ ಗ್ರಾಂ ಲೆಕ್ಕ ಹಾಕಿ ತೂಕ ಇಳಿಸಿದ ಕಾರು. ಬೆಲೆ ತೆರಿಗೆ ಬಿಟ್ಟು 5,40,000 ಪೌಂಡ್. 300 ಮಾರೋ ಆಸೆ ಇತ್ತು, 1998ರ ವರೆಗೆ ರೇಸ್ ಕಾರು ಎಲ್ಲಾ ಸೇರಿ ಆದದ್ದು 106.

ಇದರ ರೇರ್ ಅನ್ನೋದು ಅಂದ್ರೆ ಬರೀ ಸೋಲು. ಗಿರಾಕಿ ಸಿಗಲಿಲ್ಲ, ಅದಕ್ಕೇ ಕಮ್ಮಿ. ಆದ್ರೆ 1995ರಲ್ಲಿ ಮೊದಲ ಪ್ರಯತ್ನಕ್ಕೇ ಲಮಾನ್ಸ್ 24 ಗಂಟೆ ರೇಸ್ ಗೆದ್ದಿತು. 1998ರಲ್ಲಿ ಗಂಟೆಗೆ 386 ಕಿ.ಮೀ. ಓಡಿ ರೋಡ್ ಕಾರುಗಳ ದಾಖಲೆ ತಗೊಂಡಿತು. ಬೆಲೆ ಅದರ ಹಿಂದೆ ನಿಧಾನಕ್ಕೆ ಬಂತು. 2021ರ ಹರಾಜಲ್ಲಿ ಒಂದು ಎಫ್1 ಎರಡು ಕೋಟಿ ಡಾಲರ್ ದಾಟಿತು.

'ಓಡಿಸಬಾರದು, ಮುಚ್ಚಿಡಬೇಕು' ಅನ್ನೋರಿಗೆ ಒಂದು ಕೇಸ್. ಮಿಸ್ಟರ್ ಬೀನ್ ಎಲ್ಲರಿಗೂ ಗೊತ್ತು, ಟಿವಿಯಲ್ಲಿ ಓಡಿಸಿದ್ದು ಹಸಿರು ಮಿನಿ. ಆ ನಟ ರೋವನ್ ಅಟ್ಕಿನ್ಸನ್ 1997ರಲ್ಲಿ ಒಂದು ಮೆಕ್‌ಲಾರೆನ್ ಎಫ್1 ಕೊಂಡರು. 1999ರಲ್ಲಿ ಒಂದು ಪುಟ್ಟ ಆಸ್ಟಿನ್ ಮೆಟ್ರೊಗೆ ಹಿಂದಿನಿಂದ ಗುದ್ದಿದರು. (ಮೆಟ್ರೊ ಈ ಸರಣಿಯಲ್ಲಿ ಎರಡನೇ ಸಲ ಬಂತು, ಗಮನಿಸಿದ್ರಾ?) 2011ರಲ್ಲಿ ಮರಕ್ಕೆ ಹೊಡೆದು ಕಾರಿಗೆ ಬೆಂಕಿ ಹತ್ತಿತು. ರಿಪೇರಿಗೆ ವರ್ಷಕ್ಕೂ ಹೆಚ್ಚು ಸಮಯ, ಇನ್ಶೂರೆನ್ಸ್ ಕಂಪನಿ ಕಟ್ಟಿದ್ದು 9,10,000 ಪೌಂಡ್. ಕೊಂಡ ಬೆಲೆಗಿಂತ ರಿಪೇರಿ ದೊಡ್ಡದು! ಪುಸ್ತಕದ ಪ್ರಕಾರ ಅದು ಗುಜರಿ. ಕಂಪನಿ ಯಾಕೆ ರಿಪೇರಿ ಮಾಡಿಸ್ತು ಅಂದ್ರೆ ಆಗಿನ ಮಾರುಕಟ್ಟೆ ಬೆಲೆ ರಿಪೇರಿಗಿಂತ ಎಷ್ಟೋ ಮೇಲಿತ್ತು. 41,000 ಮೈಲಿ ಓಡಿ, ಎರಡು ಸಲ ಗುದ್ದಿ, 2015ರಲ್ಲಿ ಮಾರಾಟ ಆಗಿದ್ದು 80 ಲಕ್ಷ ಪೌಂಡಿಗೆ ಅಂತ ವರದಿ.

ಇಟ್ಟುಕೊಳ್ಳೋ ಖರ್ಚೂ ಕೇಳಿ, ಯಾಕಂದ್ರೆ ರೀಸೇಲ್ ರೀಲ್ಸ್ ಮಾಡೋರು ಇದನ್ನ ಹೇಳಲ್ಲ. ಎಫ್40ಯ ರಬ್ಬರ್ ಪೆಟ್ರೋಲ್ ಟ್ಯಾಂಕಿಗೆ ಆಯುಸ್ಸು ಇದೆ, ಓಡಿಸಿದ್ರೂ ಬಿಟ್ರೂ ಬದಲಿಸಬೇಕು. ಎಫ್1 ಕಾರಿನದ್ದೂ ಹಾಗೇ. ಎಫ್1 ಸರ್ವಿಸ್ ಮಾಡೋಕೆ ಕಾಂಪ್ಯಾಕ್ ಎಲ್‌ಟಿಇ 5280 ಅನ್ನೋ ತೊಂಬತ್ತರ ದಶಕದ ಲ್ಯಾಪ್‌ಟಾಪೇ ಬೇಕಿತ್ತು, ಅದರೊಳಗಿನ ವಿಶೇಷ ಕಾರ್ಡು ಬೇರೆಯದರಲ್ಲಿ ಕೆಲಸ ಮಾಡ್ತಿರಲಿಲ್ಲ. 2016ರಲ್ಲೂ ಮೆಕ್‌ಲಾರೆನ್‌ನೋರು ಅದನ್ನೇ ಇಟ್ಕೊಂಡಿದ್ರು. ಕೋಟಿಗಟ್ಟಲೆ ಕಾರಿನ ಜೀವ ಗುಜರಿ ಲ್ಯಾಪ್‌ಟಾಪಲ್ಲಿ.

ಭಾಗ 7

1990ರ ಪೆಟ್ಟಿನಿಂದ ಕಂಪನಿಗಳು ಒಂದು ಕಲಿತವು. ರೀಸೇಲ್ ಮಾರ್ಕೆಟ್ ತಮ್ಮ ಕೈಯಲ್ಲಿಲ್ಲದಿದ್ರೆ ಹೊಸ ಕಾರಿನ ಹೆಸರೂ ಕೆಡತ್ತೆ.

2013ರಲ್ಲಿ ಫೆರಾರಿ ಅಧ್ಯಕ್ಷ ಲೂಕಾ ದಿ ಮೊಂತೆಜೆಮೊಲೊ ವರ್ಷಕ್ಕೆ ಏಳು ಸಾವಿರಕ್ಕಿಂತ ಕಮ್ಮಿ ಕಾರು ಅಂತ ಮಿತಿ ಹಾಕಿದರು. ಮರುವರ್ಷ ಅವರು ಹೊರಗೆ ಹೋದರು. 2015ರಲ್ಲಿ ಕಂಪನಿ ಷೇರುಪೇಟೆಗೆ ಬಂತು. ಷೇರುದಾರರಿಗೆ ಬೆಳವಣಿಗೆ ಬೇಕಲ್ಲ? 2023ರಲ್ಲಿ ಕೊಟ್ಟ ಕಾರು 13,663, ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು. ರೇರ್ ಅನ್ನೋದನ್ನ ಅವರು ಈಗ ಬೇರೆ ಕಡೆ ಇಟ್ಟಿದ್ದಾರೆ, ಕೆಲವೇ ಮಾಡೆಲ್‌ಗಳಲ್ಲಿ. ಲಾಫೆರಾರಿ ಬರೀ 499 ಅಂದರು, ಹಳೇ ಗಿರಾಕಿಗಳನ್ನೇ ಆರಿಸಿ ಕೊಟ್ಟರು. ಆಮೇಲೆ ಇಟಲಿಯ ಭೂಕಂಪ ಸಂತ್ರಸ್ತರಿಗೆ ಅಂತ 500ನೇದು ಮಾಡಿ ಹರಾಜು ಹಾಕಿದರು, 2016ರ ಡಿಸೆಂಬರಲ್ಲಿ 70 ಲಕ್ಷ ಡಾಲರ್ ಬಂತು. ಹೆಣ್ಣು ಕೇಳೋ ಪದ್ಧತಿ ಮತ್ತೆ ಶುರು, ಈ ಸಲ ಲೆಕ್ಕಾಚಾರ ಹಾಕಿ.

ಫೋರ್ಡ್ ಇನ್ನೊಂದು ಹೆಜ್ಜೆ ಮುಂದೆ. 2017ರ ಫೋರ್ಡ್ ಜಿಟಿ ಕೊಳ್ಳೋಕೆ ಅರ್ಜಿ ಹಾಕಬೇಕಿತ್ತು, ಆಯ್ಕೆಯಾದವರು 24 ತಿಂಗಳು ಮಾರಲ್ಲ ಅಂತ ಸಹಿ ಹಾಕಬೇಕಿತ್ತು. ನಮ್ಮ ಬಾಲ್ಯದ ಹೀರೊ, ಡಬ್ಲ್ಯೂಡಬ್ಲ್ಯೂಇ ಜಾನ್ ಸೀನಾ ಆಯ್ಕೆಯಾದರು, ನಾಲ್ಕೂವರೆ ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ತಗೊಂಡರು, ಕೆಲವೇ ವಾರದಲ್ಲಿ ಮಾರಿಬಿಟ್ಟರು. ಫೋರ್ಡ್ ಕೇಸ್ ಹಾಕ್ತು. 2018ರಲ್ಲಿ ರಾಜಿಯಾಗಿ, ಆ ದುಡ್ಡು ದಾನಕ್ಕೆ ಹೋಯ್ತು. ಎಕ್ಸ್‌ಜೆ220 ಕಾಲದಲ್ಲಿ 'ತಗೋ' ಅಂತ ಕೇಸು, ಈಗ 'ಮಾರಬೇಡ' ಅಂತ ಕೇಸು.

ನಮ್ಮ ದೇಶದ ಲೆಕ್ಕ ಬೇರೆಯೇ, ಅದನ್ನ ಹೇಳದೆ ಬಿಡೋಕಾಗಲ್ಲ. ಇಂಥ ಕಾರು ಹೊರಗಿಂದ ತಂದ್ರೆ ಕಸ್ಟಮ್ಸ್ ಸುಂಕ ಕಾರಿನ ಬೆಲೆಯಷ್ಟೇ ಆಗತ್ತೆ. ಕರ್ನಾಟಕದಲ್ಲಿ 20 ಲಕ್ಷ ಮೇಲಿನ ಕಾರಿಗೆ ಜೀವಾವಧಿ ರಸ್ತೆ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಅದನ್ನ ಉಳಿಸೋಕೆ ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಮಾಡಿಸಿ ಬೆಂಗಳೂರಲ್ಲಿ ಓಡಿಸೋರ ಕಥೆ ಗೊತ್ತಲ್ಲ, 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಒಂದೇ ದಿನ 30 ಐಷಾರಾಮಿ ಕಾರು ಹಿಡೀತು, ಫೆರಾರಿ, ಪೋರ್ಷೆ ಎಲ್ಲಾ ಇದ್ದವು. ಮಾರುವಾಗ ಈ ತೆರಿಗೆಯನ್ನ ಯಾರೂ ವಾಪಸ್ ಕೊಡಲ್ಲ. ಮಾಂಟೆರೆಯ ಗಿರಾಕಿಗೆ ನೀವು ಕಟ್ಟಿದ ಸುಂಕದಿಂದ ಏನಾಗಬೇಕು? ಹಾಗಾಗಿ ಅಲ್ಲಿ ಏರೋ ಕಾರು ಇಲ್ಲಿ ಮೊದಲ ದಿನವೇ ಅರ್ಧಕ್ಕೆ ಹತ್ತಿರ ಸವೆದಿರತ್ತೆ.

ಇದರಲ್ಲೂ ಒಂದು ವಿಚಿತ್ರ. 2002ರಲ್ಲಿ ಸಚಿನ್ ಬ್ರಾಡ್ಮನ್ ಅವರ 29 ಟೆಸ್ಟ್ ಶತಕ ಸರಿಗಟ್ಟಿದಾಗ ಫಿಯೆಟ್ ಕಂಪನಿ ಫೆರಾರಿ 360 ಮೊಡೆನಾ ಉಡುಗೊರೆ ಕೊಟ್ಟಿತು, ಕೀ ಕೊಟ್ಟಿದ್ದು ಮೈಕೆಲ್ ಶೂಮಾಕರ್. ಸುಂಕವೇ ಕೋಟಿ ದಾಟಿತು. ಸರ್ಕಾರ ಮಾಫಿ ಮಾಡೋಕೆ ಹೋಗಿ ಗಲಾಟೆಯಾಗಿ, ಕೊನೆಗೆ ಫಿಯೆಟ್ಟೇ ಕಟ್ಟಿತು. 360 ರೇರ್ ಕಾರೇ ಅಲ್ಲ, ಸಾವಿರಗಟ್ಟಲೆ ಮಾಡಿದ್ದಾರೆ. 2011ರಲ್ಲಿ ಸೂರತ್ತಿನ ಒಬ್ಬ ಉದ್ಯಮಿ ಅದನ್ನ ಕೊಂಡರು. ಅಂಥ 360 ಬೇರೆ ಎಷ್ಟೋ ಸಿಗ್ತಿತ್ತು, ಅವರು ಕೊಂಡಿದ್ದು ಮಾತ್ರ ಆ ಒಂದನ್ನೇ.

ಬೈಕಿನ ಬಗ್ಗೆ ಡಿಎಂ ಮಾಡಿದ್ದವನು ನಿನ್ನೆ ಮತ್ತೆ ಕೇಳಿದ: "ಅದರ ಮೇಲೆ ನಂಬರ್ ಪ್ಲೇಟ್ ಬರತ್ತಣ್ಣ, ಐದು ಸಾವಿರದಲ್ಲಿ ಇದು ಇಷ್ಟನೇದು ಅಂತ." ಐದು ಸಾವಿರ ಅಂದ್ರೆ ಎಫ್40ಯ ನಾಲ್ಕು ಪಟ್ಟು ಕಣೋ. ಬಡ್ಡಿ ಎಷ್ಟು ಅಂತ ಕೇಳಿದೆ. ಬ್ಯಾಂಕಿಗೆ ಫೋನ್ ಮಾಡಿ ಹೇಳ್ತೀನಿ ಅಂದಿದ್ದಾನೆ.

#ಕಾರಿನಕಥೆ #ಸವಕಳಿ #ಬಿಕಾಂಹುಡುಗರು #ಫೆರಾರಿ250ಜಿಟಿಒ